ಹದಿನಾಲ್ಕು ಮೂಟೆ ಮೈದಾ

ಒಂದೈದು ನಿಮಿಷ ಇದ್ದರೆ ಇದನ್ನು ಪೂರ್ತಿ ಕೇಳಿಬಿಡಿ, ಅರ್ಧಕ್ಕೆ ಬಿಟ್ಟು ಹೋಗಬೇಡಿ. ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

ಅವಳು ಜಿಮ್ಮಿನ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಲ್ಲು ಕಚ್ಚಿಕೊಂಡು, ಒಂದೊಂದೇ ಮೆಟ್ಟಿಲು. ತೊಡೆಗಳು ತನ್ನವೇ ಅಲ್ಲ, ಯಾರದೋ ಮರದ ತೊಡೆ ತಂದು ಜೋಡಿಸಿದ್ದಾರೆ ಅನ್ನಿಸುತ್ತಿತ್ತು.

ಹಿಂದಿನಿಂದ ಹತ್ತಿ ಬರುತ್ತಿದ್ದ ಯಾರಿಗೋ ಬೆನ್ನು ತಗುಲಿತು.

"ಯಾಕ್ರೀ, ರಿವರ್ಸ್ ಗೇರಲ್ಲಿ ಬರ್ತಿದೀರಾ?"

"ಮುಂದಕ್ಕೆ ಇಳಿದ್ರೆ ಕಾಲು ಮಡಚ್ಕೊಂಡು ಬೀಳ್ತೀನಿ. ಸುಮ್ನೆ ಜಾಗ ಬಿಡಿ."

"ನಿನ್ನೆ ಎಷ್ಟು ಬಸ್ಕಿ ಹೊಡೆದ್ರಿ?"

"ನೂರು. ಸೇರಿದ್ದೇ ನಿನ್ನೆ."

"ಮೊದಲ ದಿನಾನೇ ನೂರಾ? ಯಾರು ಹೇಳಿದ್ದು?"

"ಹೇಳೋಕೆ ಮಾಸ್ಟರ್ ಇರ್ಬೇಕಲ್ಲ. ನಾನು ಸೇರಿದ ದಿನಾನೇ ರಜ ಹಾಕಿದ್ರಂತೆ, ಪುಣ್ಯಾತ್ಮ."

"ಆ ಪುಣ್ಯಾತ್ಮ ನಾನೇ."

ಅವಳು ತಿರುಗಿ ನೋಡಿದಳು. ಅವನು ನಗದಿರಲು ತುಂಬಾ ಕಷ್ಟಪಡುತ್ತಿದ್ದ. ಭೂಮಿ ಬಾಯಿಬಿಡಬಾರದೇ... ಬಿಟ್ಟರೂ ಒಳಗೆ ಇಳಿಯುವ ಶಕ್ತಿ ಕಾಲಿಗೆಲ್ಲಿತ್ತು?

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬನ್ನು ಅಂತ. ಅಪ್ಪನದು ಬ್ರೆಡ್ಡಿನ ಅಂಗಡಿ, ಮಗಳ ಕೆನ್ನೆಯೂ ಉಬ್ಬಿದ ಬನ್ನಿನ ಹಾಗೇ, ಹೆಸರು ಅಂಟಿಕೊಂಡುಬಿಟ್ಟಿತು. ಪ್ರತಿದಿನ ಬೆಳಗ್ಗೆ ಐದೂವರೆಗೆ ಗಾಡಿಯವನು ಹದಿನಾಲ್ಕು ಮೂಟೆ ಮೈದಾ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಅವನ್ನು ಒಳಗೆ ಹೊತ್ತು ಎದೆಮಟ್ಟದ ಕಟ್ಟೆ ಮೇಲೆ ಜೋಡಿಸಬೇಕು. ಮೂವತ್ತು ವರ್ಷ ಅಪ್ಪನೇ ಜೋಡಿಸಿದ್ದರು. ಈಗ ಅವರ ಭುಜ ಕೈಕೊಟ್ಟಿತ್ತು.

ಅಪ್ಪನ ಮಾತು ಕಡ್ಡಿ ಮುರಿದ ಹಾಗೆ. "ಒಲೆ ಕಾಯೋಕೆ ಅರ್ಧ ಗಂಟೆ. ಅಷ್ಟ್ರೊಳಗೆ ಮೂಟೆ ಜೋಡ್ಸೋರಿಗೇ ಅಂಗಡಿ ಬೀಗದ ಕೈ. ನಿಂಗೆ ಈಗ ಒಂದೂವರೆ ಗಂಟೆ ಹಿಡೀತಿದೆ, ಬ್ರೆಡ್ಡೆಲ್ಲ ಲೇಟು. ಮೂರು ತಿಂಗಳು ನೋಡ್ತೀನಿ. ಆಗ್ಲಿಲ್ವಾ, ಗುಂಡಣ್ಣನಿಗೆ ಕೊಡ್ತೀನಿ."

ಗುಂಡಣ್ಣ ಚಿಕ್ಕಪ್ಪನ ಮಗ. ಅವನಿಗೆ ಬ್ರೆಡ್ಡಿಗೂ ಇಟ್ಟಿಗೆಗೂ ವ್ಯತ್ಯಾಸ ತಿಳಿಯುತ್ತಿದ್ದದ್ದು ತಿಂದ ಮೇಲೆ ಮಾತ್ರ.

ಹಾಗಾಗಿಯೇ ಅವಳು ಜಿಮ್ ಸೇರಿದ್ದು.

ಅಲ್ಲಿ ಗೋಡೆಯ ಮೊಳೆಗೆ ಒಬ್ಬೊಬ್ಬರದೂ ಒಂದೊಂದು ಕಾರ್ಡು. ಎಷ್ಟು ಭಾರ, ಎಷ್ಟು ಸಲ ಅಂತ ಮಾಸ್ಟರ್ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಕೊನೆಯ ಖಾನೆ ಮಾತ್ರ ಅವರವರೇ ತುಂಬಬೇಕು. 'ಇವತ್ತು ಬೇರೆ ಎಲ್ಲಾದರೂ ಭಾರ ಎತ್ತಿದಿರಾ?' ಬನ್ನು ದಿನವೂ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದಳು. 'ಏನೂ ಇಲ್ಲ.'

ಎರಡು ತಿಂಗಳು ಹೂವು ಎತ್ತಿದ ಹಾಗೆ ಕಳೆದವು. ಅವಳು ಎತ್ತುವ ಕಂಬಿಯ ಭಾರ ಐವತ್ತು ಕೆಜಿ ಮುಟ್ಟಿತು. ಅವನು ಹಳೆಯ ಅಂಕಿ ಅಳಿಸಿ, ರಬ್ಬರಿನ ಪುಡಿಯನ್ನು ಉಫ್ ಅಂತ ಊದಿ, ಹೊಸದು ಬರೆದು ಅವಳತ್ತ ನೋಡುತ್ತಿದ್ದ. ಆ ನೋಟಕ್ಕೆ ಅವಳ ಎದೆ ಯಾಕೆ ಹೊಡೆದುಕೊಳ್ಳಬೇಕು? ಓಡಿದ್ದೂ ಇಲ್ಲ, ಹಾರಿದ್ದೂ ಇಲ್ಲ...

ಮೂರನೇ ತಿಂಗಳಲ್ಲಿ ಅವನು ಐವತ್ತನ್ನು ಅಳಿಸಿ ನಲವತ್ತೈದು ಬರೆದ. ಆಮೇಲೆ ನಲವತ್ತು. ಒಂದು ಸಂಜೆ ನೋಡಿದರೆ ಮೂವತ್ತೈದು.

ಪಕ್ಕದಲ್ಲಿ ನಿವೃತ್ತ ಹೆಡ್‌ಮಿಸ್ಸು ನಲವತ್ತು ಎತ್ತಿ, ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ, ಇಳಿಮುಖ?" ಅಂದರು.

ಬನ್ನು ನೇರ ಅವನ ಮುಂದೆ ಹೋಗಿ ನಿಂತಳು. "ನನ್ನ ಕೈಲಿ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ ಮಾಸ್ಟರ್. ಹೀಗೆ ರಬ್ಬರಲ್ಲಿ ಹೇಳ್ಬೇಡಿ."

"ನಿಮ್ಮ ಕಾಲು ನಡುಗ್ತಿದೆ. ನೋವು ಇಳಿಯೋದೇ ಇಲ್ಲ ಅಂತೀರಾ. ಏನೋ ಮುಚ್ಚಿಡ್ತಿದೀರಾ ನನ್ನ ಹತ್ರ."

"ಸುಳ್ಳು ಹೇಳೋ ಅಭ್ಯಾಸ ನಂಗಿಲ್ಲ."

"ಹಾಗಾದ್ರೆ ಶಕ್ತಿ ಎಲ್ಲಿ ಸೋರಿ ಹೋಗ್ತಿದೆ?"

ನನ್ನ ಮೇಲೆ ಇವನಿಗೆ ನಂಬಿಕೆಯೇ ಹೋಯಿತು... ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಮೂರು ದಿನ ಆ ಕಡೆ ತಲೆಹಾಕಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಅವಳು ಒಂಬತ್ತನೇ ಮೂಟೆಯನ್ನು ಭುಜಕ್ಕೆ ಹಾಕಿಕೊಂಡು ತಿರುಗುತ್ತಾಳೆ, ಬಾಗಿಲಲ್ಲಿ ಅವನು! ಕೈಯಲ್ಲಿ ವಿಳಾಸ ಬರೆದಿದ್ದ ಅವಳ ಕಾರ್ಡು.

ಅವನ ಕಣ್ಣು ಮೂಟೆಯಿಂದ ಕಟ್ಟೆಗೆ, ಕಟ್ಟೆಯಿಂದ ಮೂಟೆಗೆ ಓಡಾಡಿತು.

"ಇದು... ದಿನಾನಾ?"

"ದಿನಾ. ಹದಿನಾಲ್ಕು. ಒಂದೊಂದೂ ಇಪ್ಪತ್ತೈದು ಕೆಜಿ. ಅರ್ಧ ಗಂಟೇಲಿ ಜೋಡ್ಸಿದ್ರೆ ಅಂಗಡಿ ನಂದು, ಅದೇ ಅಪ್ಪ ಇಟ್ಟಿರೋ ಪರೀಕ್ಷೆ."

"ಕಾರ್ಡಲ್ಲಿ 'ಏನೂ ಇಲ್ಲ' ಅಂತ ಬರೆದಿದೀರಲ್ರೀ."

"ಇದು ವ್ಯಾಯಾಮ ಅಲ್ವಲ್ಲ ಮಾಸ್ಟರ್. ಮನೆ ಕೆಲಸ."

ಅವನು ಅಲ್ಲೇ ಒಂದು ಮೂಟೆ ಮೇಲೆ ಕುಸಿದು ಕೂತು ನಗತೊಡಗಿದ. ಪ್ಯಾಂಟಿಗೆಲ್ಲ ಹಿಟ್ಟು. "ಬೆಳಗ್ಗೆ ಮುನ್ನೂರೈವತ್ತು ಕೆಜಿ ಹೊತ್ತು, ಸಂಜೆ ನನ್ನ ಹತ್ರ ಬಂದು ಬಸ್ಕಿ ಹೊಡೀತಿದ್ರಾ? ನಾನು ನಿಮ್ಮನ್ನ ಸುಳ್ಳಿ ಅಂದ್ಕೊಂಡು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

ಊಟ ಮಾಡಿಲ್ವಾ? ಯಾಕೆ? ಅವಳ ಕೆನ್ನೆ ಬಿಸಿಯಾಯಿತು.

"ಒಂದು ಹೇಳಿ," ಅಂದ ಅವನು. "ಹಿಟ್ಟು ನಾದಿದ ತಕ್ಷಣ ಒಲೆಗೆ ಹಾಕ್ತೀರಾ?"

"ಯಾರಾದ್ರೂ ಹಾಕ್ತಾರಾ? ಬಟ್ಟೆ ಮುಚ್ಚಿ ಬಿಡ್ಬೇಕು. ನಾದ್ತಾನೇ ಇದ್ರೆ ಎಲ್ಲಿ ಉಬ್ಬು..." ಅವಳು ತನ್ನ ತೊಡೆಗಳತ್ತ ನೋಡಿಕೊಂಡಳು.

"ಮೈಯೂ ಅಷ್ಟೇ. ಎತ್ತುವಾಗ ಬೆಳೆಯಲ್ಲ. ಎತ್ತಿ ಸುಮ್ನೆ ಬಿಟ್ಟಾಗ ಬೆಳೆಯುತ್ತೆ. ಪರೀಕ್ಷೆ ಯಾವತ್ತು?"

"ಇನ್ನೈದು ದಿನಕ್ಕೆ."

"ನಾಲ್ಕು ದಿನ ಒಂದು ಮೂಟೆನೂ ಮುಟ್ಬೇಡಿ. ನಿದ್ದೆ ಮಾಡಿ, ಹೊಟ್ಟೆತುಂಬ ತಿನ್ನಿ, ಸಂಜೆ ನಿಧಾನಕ್ಕೆ ನಡೀರಿ. ಅಷ್ಟೇ."

ಅವಳಿಗೆ ಭಯವಾಯಿತು. ನಾಲ್ಕು ದಿನ ಕೈಕಟ್ಟಿ ಕೂತು ಇದ್ದ ಶಕ್ತಿಯೂ ಹೋದರೆ? ಅಂಗಡಿ ಹೋದರೆ? ಅವನ ಮುಖ ನೋಡಿದಳು. ಮೂಗಿನ ತುದಿಯಲ್ಲಿ ಹಿಟ್ಟು. ಆದರೂ ಕಣ್ಣು ಅಲುಗಲಿಲ್ಲ.

"ಅಪ್ಪಾ, ನಾಲ್ಕು ದಿನ ನಾನು ಮೂಟೆ ಎತ್ತಲ್ಲ," ಅಂದಳು.

"ಸೋತೆ ಅಂತಾನಾ?"

"ಸುಧಾರಿಸ್ಕೋತೀನಿ ಅಂತ."

ಅಪ್ಪ ಗುಂಡಣ್ಣನಿಗೆ ಫೋನ್ ಮಾಡಿದರು.

ಗುಂಡಣ್ಣ ಮೊದಲ ದಿನ ಸಿಳ್ಳೆ ಹಾಕುತ್ತ ಹೊತ್ತ. ಎರಡನೇ ದಿನ ಸಿಳ್ಳೆ ನಿಂತಿತು. ನಾಲ್ಕನೇ ದಿನ ಅವನು ಅಂಗಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದನ್ನು ಕಂಡು ಬನ್ನು ಬಾಯಿಗೆ ಸೆರಗು ಅಡ್ಡ ಹಿಡಿದಳು.

"ದೊಡ್ಡಪ್ಪಾ, ಅಂಗಡಿ ನಂಗ್ಬೇಡ. ಕಮೋಡ್ ಮೇಲಿಂದ ಏಳೋಕೆ ಹೆಂಡ್ತೀನ ಕರೀಬೇಕಾಗಿದೆ."

"ನೀನು ಬೇಡ ಅಂದ ಮಾತ್ರಕ್ಕೆ ಅವಳದ್ದಾಗಲ್ಲ," ಅಂದರು ಅಪ್ಪ. "ಎತ್ತಿ ತೋರಿಸ್ಲಿ. ಇಲ್ಲಾಂದ್ರೆ ಬೇರೆಯವರಿಗೆ ಮಾರ್ತೀನಿ."

ಐದನೇ ಬೆಳಗ್ಗೆ ಒಲೆ ಹಚ್ಚಿದರು. ಬನ್ನು ಮೊದಲ ಮೂಟೆಗೆ ಬಗ್ಗಿದಳು. ಮೊಣಕಾಲು ಮಡಚಿ, ಬೆನ್ನು ನೇರ, ಮೂಟೆ ಮೈಗೆ ಹತ್ತಿರ... ಇದೇನು, ಇಷ್ಟು ಹಗುರ? ಗಾಡಿಯವನು ತೂಕದಲ್ಲಿ ಮೋಸ ಮಾಡಿದನಾ?

ಏಳು. ಎಂಟು. ಹನ್ನೊಂದರಲ್ಲಿ ಉಸಿರು ಬಿಗಿಯಿತು. ಬಾಗಿಲ ಹೊರಗೆ ಬನ್ನು ಕೊಳ್ಳಲು ಬಂದವನ ಹಾಗೆ ನಿಂತಿದ್ದ ಮಾಸ್ಟರ್ ತನ್ನ ಎದೆ ಮುಟ್ಟಿ ನಿಧಾನವಾಗಿ ಉಸಿರೆಳೆದು ತೋರಿಸಿದ. ಅವಳೂ ಎಳೆದಳು. ಹನ್ನೆರಡು. ಹದಿಮೂರು.

ಹದಿನಾಲ್ಕನೆಯದು ಕಟ್ಟೆ ಮೇಲೆ ಕೂತಾಗ ಒಲೆ ಇನ್ನೂ ಪೂರ್ತಿ ಕಾದಿರಲಿಲ್ಲ.

ಅಪ್ಪ ಗೋಡೆಯ ಗಡಿಯಾರ ನೋಡಿದರು. ಆಮೇಲೆ ತಮ್ಮ ಕೈಗಡಿಯಾರ ನೋಡಿದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಬಾಗಿಲ ಕಡೆ ಗದ್ದ ತೋರಿಸಿದರು. "ಆ ಹುಡುಗ ಆಗ್ಲಿಂದ ಒಂದೇ ಬನ್ನಿಗೆ ಕಾಯ್ತಿದ್ದಾನೆ. ವಿಚಾರಿಸು."

ಸಂಜೆ ಜಿಮ್ಮಿನಲ್ಲಿ ಅವಳ ಕಾರ್ಡಿನ ಭಾನುವಾರದ ಸಾಲಿನಲ್ಲಿ 'ವಿಶ್ರಾಂತಿ' ಅಂತ ಬರೆದಿತ್ತು.

"ಒಬ್ಬಳೇ ಮಾಡ್ಬೇಕಾ ಮಾಸ್ಟರ್?"

"ಇಬ್ರೂ ಮಾಡಿದ್ರೆ ಬೇಗ ಸುಧಾರಿಸ್ಕೋಬಹುದು... ಪುಸ್ತಕದಲ್ಲಿ ಹಾಗೇನಿಲ್ಲ. ನನ್ನಾಸೆ ಅಷ್ಟೇ."

"ಸರಿ, ಇವತ್ತು ನೀವು ಬೇರೆ ಎಲ್ಲಾದ್ರೂ ಭಾರ ಎತ್ತಿದ್ರಾ?"

"ಮೂರು ತಿಂಗಳಿಂದ ಒಂದು ಮಾತು ಹೊತ್ಕೊಂಡು ತಿರುಗ್ತಿದೀನಿ."

"ಇಳಿಸಿಬಿಡಿ. ಮೈಕೈ ನೋಯುತ್ತೆ."

"ನೀನಂದ್ರೆ ನಂಗಿಷ್ಟ, ಬನ್ನು."

ಅವಳು ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, 'ವಿಶ್ರಾಂತಿ'ಯ ಪಕ್ಕದಲ್ಲಿ 'ಇಬ್ಬರಿಗೂ' ಅಂತ ಬರೆದಳು. ರಬ್ಬರನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೆ?"

"ನೀನು ಇದನ್ನೂ ಕಮ್ಮಿ ಮಾಡ್ಬಿಟ್ರೆ?"

ಈಗ ನೀವು ಹೇಳಿ. ಅಂಗಡಿಯೇ ಕೈಬಿಟ್ಟು ಹೋಗುವ ಹೊತ್ತಿನಲ್ಲಿ ಒಬ್ಬ ಬಂದು 'ನಾಲ್ಕು ದಿನ ಏನೂ ಎತ್ತಬೇಡ' ಅಂದಿದ್ದರೆ, ನೀವು ಅವನನ್ನು ನಂಬಿ ಸುಮ್ಮನೆ ಕೂರುತ್ತಿದ್ದಿರಾ?