ಅರಳಿದ ಗ್ಲೌಸ್

"ನಿನ್ನ ಕೈಗೆ ನಾನು ಚೆಂಡು ಎಸೆಯಲ್ಲ. ಏಳು, ಗ್ರೇಡಿ!"

ಕುಕ್ಕರಗಾಲಲ್ಲಿ ಕೂತಿದ್ದ ಗ್ರೇಡಿ ಏಳಲಿಲ್ಲ. ಮುಖದ ಕವಚವನ್ನಷ್ಟೇ ಹಣೆಗೇರಿಸಿದ.

ಮಾರ್ಲೀಸ್ ಸೀಡರ್ ಬ್ಲಫ್ ಕಾಲೇಜಿನ ಸಾಫ್ಟ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು. ಇದು ಕೊನೆಯ ವರ್ಷ. ಇನ್ನು ಸ್ವಲ್ಪ ಹೊತ್ತಿಗೆ ಸುತ್ತಲಿನ ಕಾಲೇಜುಗಳ ಕಾನ್ಫರೆನ್ಸ್ ಫೈನಲ್. ಗೆದ್ದರೆ ರಾಷ್ಟ್ರೀಯ ಟೂರ್ನಿ. ಸೋತರೆ ಅವಳ ಆಟ ಇವತ್ತಿಗೇ ಮುಗಿಯಿತು. ಕೊನೆಯ ವರ್ಷದವರೆಲ್ಲ ಮಾಡುವಂತೆ ಬೂಟು ಬಿಚ್ಚಿ, ಬ್ಯಾಟ್ ಮಾಡುವ ಜಾಗದ ಹೋಮ್ ಪ್ಲೇಟಿನ ಮೇಲಿಟ್ಟು ಬರಿಗಾಲಲ್ಲಿ ಮನೆಗೆ ಹೋಗಬೇಕು.

ಗ್ರೇಡಿ ಅವಳ ಸಹಪಾಠಿ. ದಿನಾ ಬೆಳಿಗ್ಗೆ ಅಭ್ಯಾಸದಲ್ಲಿ ಅವಳ ಚೆಂಡು ಹಿಡಿದು ಹಿಡಿದು ಮೊಣಕಾಲು ಸವೆಸಿಕೊಂಡವನು. ಅವಳಿಗೆ ಅವನೆಂದರೆ ಪ್ರಾಣ ಅನ್ನುವುದು ಇಡೀ ತಂಡಕ್ಕೆ ಗೊತ್ತಿತ್ತು, ಆ ಪೆದ್ದನೊಬ್ಬನನ್ನು ಬಿಟ್ಟು!

ಅಂಥವನು ನಿನ್ನೆ ಸೆಮಿಫೈನಲ್ ನಡುವೆ ಕೋಚ್ ಹತ್ತಿರ, "ಮಾರ್ಲೀಸ್‌ನ ಹೊರಗೆ ಕರೀರಿ" ಅಂದಿದ್ದ. ಅವಳು ಕಿವಿಯಾರೆ ಕೇಳಿಸಿಕೊಂಡಿದ್ದಳು. ಕೋಚ್ ಕರೆದೇಬಿಟ್ಟರು. ತಂಡ ಹೇಗೋ ಗೆದ್ದಿತು. ಇವಳು ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿದಳು. ಇವತ್ತೂ ಬೇರೆ ಹುಡುಗಿಗೇ ಚೆಂಡಂತೆ.

'ಎಲ್ಲಾ ಬಿಟ್ಟು ಇವನೇ… ಇವನೇ ಹೀಗೆ ಮಾಡಬೇಕಿತ್ತಾ?'

"ನನ್ ಮೇಲೆ ನಂಬಿಕೆ ಇಲ್ದಿದ್ರೆ ಮುಖಕ್ಕೇ ಹೇಳ್ಬೇಕಿತ್ತು!"

"ಈಗ ಹೇಳ್ತೀನಿ. ನಾಲ್ಕು ಚೆಂಡು ಎಸಿ. ಆಮೇಲೆ ಬೇಕಾದಷ್ಟು ಬೈಯಿ."

ಸಿಟ್ಟಿನಲ್ಲೇ ಅವಳು ಚೆಂಡನ್ನು ಗ್ಲೌಸಿನೊಳಗೆ ಹಿಡಿದು ಎಸೆಯಲು ಅಣಿಯಾದಳು.

"ವೇಗ," ಎಂದ ಗ್ರೇಡಿ. ಚೆಂಡಿನ್ನೂ ಅವಳ ಕೈಯಲ್ಲೇ ಇತ್ತು!

ಎರಡನೆಯದಕ್ಕೂ "ವೇಗ." ಮೂರನೆಯದಕ್ಕೆ, "ನಿಧಾನ." ನಾಲ್ಕನೆಯದಕ್ಕೂ "ನಿಧಾನ." ಒಂದೂ ತಪ್ಪಲಿಲ್ಲ. ಮಾರ್ಲೀಸ್ ಅವನ ಮುಂದೆ ಬಂದು ನಿಂತಳು.

"ಹೆಂಗೆ ಗೊತ್ತಾಯ್ತೋ?"

"ನಿನ್ ಬೆರಳಿಗೆ ಬೊಕ್ಕೆ ಎದ್ದಾಗಿಂದ, ನಿಧಾನದ ಚೆಂಡಿಗೆ ಹಿಡಿತ ಹುಡುಕ್ತಾ ತಡಕಾಡ್ತೀಯ. ಗ್ಲೌಸ್ ಅಗಲ ಆಗುತ್ತೆ. ನಿನ್ನೆ ನಮ್ಮೆದುರು ಆಡಿದ ಹುಡುಗೀರು ಅದನ್ನ ನೋಡ್ಕೊಂಡೇ ಡಗೌಟಿಂದ ಕಿರುಚಿ ಕಿರುಚಿ ಬ್ಯಾಟ್ ಮಾಡೋಳಿಗೆ ಹೇಳ್ಕೊಡ್ತಿದ್ರು. ಇವತ್ತಿನ ಎದುರಾಳಿ ಹಾರ್ಲನ್ ಕಾಲೇಜಿನೋರು ಮೇಲ್ಗಡೆ ಗ್ಯಾಲರೀಲಿ ಸ್ಯಾಂಡ್‌ವಿಚ್ ತಿಂತಾ ಕೂತಿದ್ರು, ಮಾರ್ಲೀಸ್. ಅವ್ರಿಗೆ ಗೊತ್ತಾಗೋ ಮೊದ್ಲೇ ನಿನ್ನ ಹೊರಗೆ ತರ್ಬೇಕಿತ್ತು."

ಎದೆಯ ಮೇಲಿನ ಕಲ್ಲು ಇಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಅದನ್ನ ನನಗ್ಯಾಕೆ ಹೇಳ್ಲಿಲ್ಲ?"

"ಆಟದ ನಡುವೆ ಹೇಳಿದ್ರೆ ನೀನು ಕುಗ್ಗಿಬಿಡ್ತೀಯ ಅಂತ…"

"ನಾನು? ಕುಗ್ತೀನಾ? ನೋಡ್ತಿರು!"

ಅವಳು ನೇರವಾಗಿ ಕೋಚ್ ಮುಂದೆ ನಿಂತಳು. "ಕೋಚ್, ಇವತ್ತು ನಾನೇ ಎಸೀತೀನಿ."

"ಆ ಗ್ಲೌಸ್ ಅಗಲ ಆಗೋದನ್ನ ಇಷ್ಟು ಬೇಗ ಸರಿಮಾಡ್ಕೋತೀಯೇನಮ್ಮ?"

"ಸರಿಮಾಡ್ಕೊಳ್ಳಲ್ಲ. ಅವ್ರು ಓದ್ಲಿ. ಓದಿದ್ದನ್ನ ನಂಬ್ಲಿ. ಬೇಕಾದಾಗ ಸುಳ್ಳು ಹೇಳೋದು ನನಗೆ ಬಿಡಿ."

ಕೋಚ್ ಚೆಂಡನ್ನು ಅವಳ ಕೈಗಿಟ್ಟರು.

ಹಾರ್ಲನ್ ಹುಡುಗಿಯರು ಎಲ್ಲವನ್ನೂ ಕಂಡುಕೊಂಡಿದ್ದರು, ಕಿಲಾಡಿಗಳು! ಗ್ಲೌಸ್ ಅರಳಿದಾಗಲೆಲ್ಲ ಡಗೌಟಿನಿಂದ "ಹೂಯ್… ಹೂಯ್…" ಎಂಬ ಕೂಗು. ಅವರು ನಂಬಲೆಂದೇ ಮಾರ್ಲೀಸ್ ಅಪರೂಪಕ್ಕೊಂದು ನಿಧಾನದ ಚೆಂಡು ಎಸೆದಳು. ಒಂದನ್ನು ಅವರು ಬೇಲಿಯಾಚೆಗೇ ಅಟ್ಟಿದರು. ಮೈದಾನದ ಹೊರಗೆ ನಿಂತಿದ್ದ ಗ್ರೇಡಿ ಅಂಚಿನ ತಂತಿಬಲೆ ಹಿಡಿದು ಕಣ್ಣುಮುಚ್ಚಿಕೊಂಡ. ಅವಳು ಅವನತ್ತ ತಿರುಗಿ ಗದ್ದ ಎತ್ತಿ ನಕ್ಕಳು.

ಕೊನೆಯ ಇನಿಂಗ್ಸ್. ಒಂದೇ ರನ್ನಿನ ಮುನ್ನಡೆ. ಇನ್ನೊಬ್ಬಳು ಔಟಾದರೆ ಕಪ್ ಇವರದು, ಆದರೆ ಎದುರಾಳಿಯೊಬ್ಬಳು ಮೂರನೇ ಬೇಸಿನಲ್ಲಿ ನಿಂತು, ಹೋಮ್ ಪ್ಲೇಟಿಗೆ ಓಡಿ ರನ್ ಸಮ ಮಾಡಲು ಕಾಯುತ್ತಿದ್ದಳು. ಬ್ಯಾಟ್ ಹಿಡಿದವಳು ಎರಡು ಸಲ ಬೀಸಿ ತಪ್ಪಿದ್ದಳು. ಮೂರನೇ ಸಲವೂ ತಪ್ಪಿದರೆ ಔಟ್.

ಮಾರ್ಲೀಸ್ ಗ್ಲೌಸನ್ನು ಅಗಲವಾಗಿ ಅರಳಿಸಿದಳು.

"ಹೂಯ್… ಹೂಯ್…!"

ಬ್ಯಾಟಿನವಳು ನಿಧಾನದ ಚೆಂಡಿಗೆ ಕಾದಳು. ಕಾಯುತ್ತಲೇ ಇದ್ದಳು. ಅಷ್ಟರಲ್ಲಿ ಮಾರ್ಲೀಸ್‌ಳ ಅತಿ ವೇಗದ ಚೆಂಡು ಅವಳನ್ನು ದಾಟಿ, ಹಿಂದೆ ಕೂತಿದ್ದ ಕ್ಯಾಚರ್ ಹುಡುಗಿಯ ಕೈಯಲ್ಲಿ ಪಟ್ ಎಂದಿತು.

ಔಟ್!

ಮೈದಾನವೆಲ್ಲ ಹುಡುಗಿಯರ ರಾಶಿ, ಕಿರುಚಾಟ, ಅಳು. ಅದರೊಳಗಿಂದ ತೆವಳಿಕೊಂಡು ಹೊರಬಂದ ಮಾರ್ಲೀಸ್ ತಂತಿಬಲೆಯ ಹತ್ತಿರ ಓಡಿದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಜೋರಾಗಿಯೇ ಇತ್ತು.

"ಬೂಟು ಬಿಚ್ಚಲ್ಲ ಕಣೋ! ರಾಷ್ಟ್ರೀಯ ಟೂರ್ನಿಗೆ ಹೋಗ್ತಿದ್ದೀವಿ!"

"ಗೊತ್ತು," ಎಂದ ಗ್ರೇಡಿ. ಅವನೂ ಅಳುತ್ತಿದ್ದ.

"ಇನ್ಮೇಲೆ ನನ್ ವಿಷಯ ಏನಿದ್ರೂ ಮೊದ್ಲು ನನಗೇ ಹೇಳ್ಬೇಕು."

"ಏನಿದ್ರೂ?"

"ಏನಿದ್ರೂ!"

"ಹಾಗಾದ್ರೆ… ನಾನು ನಿನ್ನ ಪ್ರೀತಿಸ್ತೀನಿ, ಮಾರ್ಲೀಸ್. ಮೊದಲ ವರ್ಷದಿಂದ."

ಅವಳು ತಂತಿಬಲೆಗೆ ಇನ್ನೂ ಹತ್ತಿರ ಬಂದಳು. ಕಣ್ಣು ಕಿರಿದು ಮಾಡಿ ಕೇಳಿದಳು, "ಇದನ್ನೂ ಮೊದ್ಲು ಕೋಚ್‌ಗೆ ಹೇಳಿದ್ದೀಯಾ?"

"ಅಯ್ಯೋ, ಇಲ್ಲ!"

"ಹಂಗಿದ್ರೆ ಸರಿ. ನಾನೂ ಅಷ್ಟೇ… ಪೆದ್ದ." ತಂತಿಯ ಸಂದಿಯಲ್ಲಿ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು. "ಮೊಣಕಾಲು ನೋಯ್ತಿದೆಯಾ?"

"ತುಂಬಾ."

"ನಾಳೆ ಬೆಳಿಗ್ಗೆ ಕೂರ್ತೀಯಾ?"

"ಚೆಂಡು ಎಸೆಯಲ್ಲ ಅಂದಿದ್ಯಲ್ಲ?"

"ಎಸೀತೀನಿ," ಎಂದಳು ಮಾರ್ಲೀಸ್. "ನಿನ್ನ ಕೈಗೇ ಎಸೀತೀನಿ."