ಹಳೇಮಡು ಕಾಲುವೆಯ ನೌಕರ

ಆಗಸ್ಟ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಏಳು ನಲವತ್ತು. ತುರ್ವಿಹಾಳ ಠಾಣೆಯ ಪಿಎಸ್‌ಐ ಭುವನೇಶ್ವರಿ ಕುರ್ಚಿಗೆ ಬೆನ್ನು ತಾಗಿಸಿದ್ದಳೋ ಇಲ್ಲವೋ, ಕಾಲುವೆ ಕಚೇರಿಯ ಕಿರಿಯ ಎಂಜಿನಿಯರ್ ಬಸವಲಿಂಗ ಟೈಪ್ ಮಾಡಿಸಿದ ದೂರು ಹಿಡಿದು ಎದುರಿಗೆ ನಿಂತಿದ್ದ. ಹಳೇಮಡು ಉಪಕಾಲುವೆಯ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಕಳುವಾಗಿತ್ತು. ಅದಿಲ್ಲದೆ ಗೇಟು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಗುರುವಾರ ನೀರಿನ ಪಾಳಿ ಬದಲಾಗದಿದ್ದರೆ ಕೆಳಗಿನ ಊರಿನ ಭತ್ತದ ರೈತರು ಸೀದಾ ತನ್ನ ಕಚೇರಿಗೇ ಬಂದು ಕೂಡುತ್ತಾರೆ ಎಂಬುದು ಅವನ ಭಯ.

ದೂರಿನಲ್ಲಿ ಕಳ್ಳನ ಹೆಸರೂ ಇತ್ತು: ಅಂಬಪ್ಪ, ಹನ್ನೊಂದು ವರ್ಷದಿಂದ ಅದೇ ಗೇಟು ನೋಡುವವನು. ಕೊನೆಗೆ ಕಲಮನ್ನೂ ಬರೆಸಿದ್ದ. ಭಾರತೀಯ ನ್ಯಾಯ ಸಂಹಿತೆ, ಕಲಂ ಮುನ್ನೂರ ಆರು. ನೌಕರನಾದವನು ತನ್ನ ಧಣಿಯ ಸೊತ್ತು ಕದ್ದರೆ ಹಾಕುವ ಕಲಂ ಅದು, ಏಳು ವರ್ಷದವರೆಗೆ ಶಿಕ್ಷೆ. ತನ್ನ ಕೆಲಸದಲ್ಲಿ ಬೇರೆಯವರು ಕೈಯಾಡಿಸಿದರೆ ಭುವನೇಶ್ವರಿಗೆ ಮೈಯೆಲ್ಲ ಉರಿಯುತ್ತಿತ್ತು.

“ಕಲಂ ಯಾರು ಹೇಳಿದ್ರು?”

“ವಕೀಲರನ್ನ ಕೇಳೇ ಬರ್ಸೀನ್ರೀ. ಸಣ್ಣ ಕಲಂ ಹಾಕಿದ್ರ ಸಂಜಿಗೇ ಮನಿಗೆ ಬಂದು ಮೀಸಿ ತಿರುವ್ತಾನ.”

“ಅಂವ ನಿಮ್ಮ ನೌಕರ ಹೌದಲ್ಲ?”

“ಹೌದ್ರೀ, ನಮ್ಮ ನೌಕರನ. ಅದಕ್ಕ ಗೇಟಿನ ಕೋಣಿ ಕೀಲಿ ಅವನ ಕೈಯಾಗ ಕೊಟ್ಟಿದ್ವಿ.”

ಆ ಮಾತನ್ನೂ ದೂರಿಗೆ ಸೇರಿಸಿ, ಕೆಳಗೆ ಅವನ ಸಹಿ ಹಾಕಿಸಿಕೊಂಡಳು. ಎಂಟು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಮಲ್ಲೇಶ ಅದರ ಪ್ರತಿ ಹಿಡಿದು ಸಿಂಧನೂರು ಕೋರ್ಟಿನ ಕಡೆ ಬೈಕ್ ಹತ್ತಿದ.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಬಂದವರು ಪಕ್ಕದ ಹೊಲದ ಜಂಬಣ್ಣ ಮತ್ತು ಏರಿಯ ಮೇಲೆ ಚಹಾದಂಗಡಿ ಇಟ್ಟ ಹಸೀನಾಬೀ. ಹ್ಯಾಂಡಲ್ ಇಡುವ ಕೋಣೆಯ ಬೀಗ ಒಡೆದಿರಲಿಲ್ಲ, ಕೀಲಿ ಹಾಕಿ ತೆಗೆದು ಮತ್ತೆ ಹಾಕಲಾಗಿತ್ತು. ಗೇಟಿನ ತಿರುಪಿಗೆ ಹೊಸದಾಗಿ ಗ್ರೀಸ್ ಬಳಿದಿತ್ತು. ಗೇಟು ಬುಧವಾರದ ತನಕ ಎಷ್ಟು ತೆರೆದಿರಬೇಕೋ ಅಷ್ಟೇ ತೆರೆದಿತ್ತು, ತನ್ನ ಹೊಲಕ್ಕೆ ನೀರು ಒಂದು ಬೊಗಸೆಯೂ ಕಡಿಮೆಯಾಗಿಲ್ಲವೆಂದು ಜಂಬಣ್ಣ ಹೇಳಿದ. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಇಶ್ತಿಯಾಕ್ ಪೆನ್ನು ನಿಲ್ಲಿಸಿದ.

“ಕಳ್ಳ ಡ್ಯೂಟಿ ಮುಗಿಸೇ ಹೋಗ್ಯಾನ್ರೀ ಮೇಡಂ.”

ಹಸೀನಾಬೀ ಹೇಳಿದ್ದು ಇನ್ನೂ ವಿಚಿತ್ರ. ಹಿಂದಿನ ದಿನ ಸಂಜೆ ಐದಕ್ಕೆ, ಹತ್ತು ಮಂದಿಯ ಎದುರಿಗೇ, ಅಂಬಪ್ಪ ಹ್ಯಾಂಡಲನ್ನು ಹೆಗಲಿಗೇರಿಸಿಕೊಂಡು ಬಂದು ಚಹಾ ಕುಡಿದನಂತೆ. ಯಾರು ಕೇಳಿದರೂ ನನ್ನ ಹೆಸರೇ ಹೇಳು ಎಂದನಂತೆ. ಕದ್ದವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಯಾಕೆ ಎನ್ನುವುದು ಮಾತ್ರ ಭುವನೇಶ್ವರಿಯ ತಲೆ ತಿನ್ನತೊಡಗಿತು.

ಹನ್ನೊಂದೂಕಾಲಿಗೆ ಜೀಪು ಸಾಲಗುಂದ ಸೇರಿತು. ಅಂಬಪ್ಪ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಟವೆಲ್ಲು ಲುಂಗಿ ತುಂಬಿದ ಕೈಚೀಲ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಹ್ಯಾಂಡಲ್ ಬಾಗಿಲ ಬದಿಗೆ ಗೋಣಿತಾಟಿನ ಮೇಲೆ ಒರೆಸಿಟ್ಟಿತ್ತು. ಇಶ್ತಿಯಾಕ್ ಜಪ್ತಿ ಪಂಚನಾಮೆ ಬರೆದ, ಅಂದಾಜು ಬೆಲೆ ಮೂರು ಸಾವಿರ. ಅಂಬಪ್ಪ ಕೇಳಿದ್ದು ಒಂದೇ, ಕಲಂ ಯಾವುದು ಎಂದು. ಇಶ್ತಿಯಾಕ್ ಹೇಳಿದ. ಅಂಬಪ್ಪ ಉಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿ, “ಹಾಕ್ಯಾರ” ಎಂದ. ಗದ್ದೆಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಒಂದು ಗಂಟೆಗೆ ಠಾಣೆಯಲ್ಲಿ ವಿಚಾರಣೆ. ಅಂಬಪ್ಪ ಏನನ್ನೂ ಮುಚ್ಚಿಡಲಿಲ್ಲ. ಈ ಏಪ್ರಿಲ್‌ನಿಂದ ತೆರಿಗೆಯ ನಿಯಮ ಬದಲಾಗಿದೆ ಎಂದು ಕಚೇರಿ ಹೇಳಿತ್ತು. ಅಲ್ಲಿಯವರೆಗೆ ದಿನಗೂಲಿ ಪಟ್ಟಿಯಲ್ಲಿದ್ದವರೆಲ್ಲ ಇನ್ನು ಮುಂದೆ ಸ್ವತಂತ್ರ ಗುತ್ತಿಗೆದಾರರು. ಬಿಲ್ಲಿನಲ್ಲಿ ಹತ್ತನೇ ಒಂದು ಪಾಲು ತೆರಿಗೆಗೆ ಮುರಿಯುತ್ತದೆ. ಅದಕ್ಕೊಂದು ಫಾರ್ಮು: ‘ನಾನು ಈ ಇಲಾಖೆಯ ನೌಕರನಲ್ಲ, ಸ್ವಂತ ವ್ಯವಹಾರ ಮಾಡುವವನು.’ ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡೆಯ ಗೇಟಿನವರು ಬಾಯಿ ಮುಚ್ಚಿ ಸಹಿ ಮಾಡಿದರು. ಅಂಬಪ್ಪ ಮಾಡಲಿಲ್ಲ. ಸ್ವಂತ ವ್ಯವಹಾರವಂತೆ! ಸರ್ಕಾರದ ಕಾಲುವೆ, ಸರ್ಕಾರದ ನೀರು, ಎಂಜಿನಿಯರ್ ಫೋನ್ ಮಾಡಿದರೆ ಊಟದ ತಟ್ಟೆ ಬಿಟ್ಟು ಓಡಬೇಕು. ಅದರಲ್ಲಿ ಸ್ವಂತದ್ದು ಯಾವುದು?

ಅವನ ಕೂಲಿಯ ಬಿಲ್ಲು ನಿಂತಿತು. ಗೇಟು ಮಾತ್ರ ಅವನೇ ತಿರುಗಿಸುತ್ತಿದ್ದ. ಲಿಂಗಸುಗೂರಿನ ವಕೀಲರೊಬ್ಬರ ಬಳಿ ಹೋದಾಗ, ಇಲಾಖೆ ನಿನ್ನನ್ನು ನೌಕರ ಎಂದು ಕರೆದ ಒಂದೇ ಒಂದು ಕಾಗದ ತಾ, ಮುಂದಿನದು ನಾನು ನೋಡುತ್ತೇನೆ ಎಂದಿದ್ದರು. ಕೂಲಿ ಪಟ್ಟಿ ಕಚೇರಿಯ ಬೀರುವಿನಲ್ಲಿತ್ತು, ಅಂಥ ಚೀಟಿ ಅವನ ಹತ್ತಿರ ಒಂದೂ ಇರಲಿಲ್ಲ.

“ನಾಕು ಸಲ ಅರ್ಜಿ ಕೊಟ್ಟೀನ್ರೀ,” ಎಂದ ಅಂಬಪ್ಪ. “ಕೇಳಿದ್ರ ಬರ್ಕೊಡಲಿಲ್ಲ. ಕದ್ರ ಬರ್ಕೊಟ್ರು.”

ಭುವನೇಶ್ವರಿಗೆ ನಗು ಬಂತು. ಅವಳು ನೇರವಾಗಿ ಹೇಳಿದಳು. ಮಾಲಿನ ಬೆಲೆ ಐದು ಸಾವಿರದೊಳಗಿದೆ, ವಾಪಸ್ ಬಂದಿದೆ, ಇದು ಮೊದಲ ತಪ್ಪು. ಸಾದಾ ಕಳವಿಗೆ ಇಳಿಸುವಂತೆ ಕೋರ್ಟಿಗೆ ವರದಿ ಬರೆದರೆ ನಾಲ್ಕು ದಿನ ಸಮುದಾಯ ಸೇವೆ ಮಾಡಿಸಿ ಬಿಡುತ್ತಾರೆ. ಮುನ್ನೂರ ಆರು ಉಳಿದರೆ ಏಳು ವರ್ಷದವರೆಗೂ ಹೋಗಬಹುದು.

“ಕಲಂ ಮುಟ್ಟಬ್ಯಾಡ್ರೀ ಮೇಡಂ, ಕೈ ಮುಗಿತೀನಿ. ಅವರು ಕೋರ್ಟಿಗೆ ಬಂದು ಅಂಬಪ್ಪ ನಮ್ಮ ನೌಕರ ಅಲ್ಲ ಅನ್ಲಿ, ಈ ಕೇಸು ಬೀಳ್ತೈತಿ. ಹೌದು ಅನ್ಲಿ, ಹನ್ನೊಂದು ವರ್ಷ ನಂದಾಗ್ತೈತಿ. ಎರಡ್ರಾಗ ಒಂದು ಅವರ ಬಾಯಿಂದನ ಬರ್ಲಿ.”

ಮೂರು ಗಂಟೆಗೆ ಬಸವಲಿಂಗ ಬೆವರುತ್ತ ಬಂದ. ಮೇಲಿನವರು ಫೋನಿನಲ್ಲಿ ಅವನ ಚಳಿ ಬಿಡಿಸಿದ್ದರು. ದೂರಿನಲ್ಲಿ ನೌಕರ ಎಂಬುದು ಕೈತಪ್ಪಿ ಬಿದ್ದಿದೆ, ಗುತ್ತಿಗೆದಾರ ಎಂದು ತಿದ್ದಿಕೊಡಿ ಎಂದು ಗೋಗರೆದ.

“ಎಫ್‌ಐಆರ್ ಕೋರ್ಟಿಗೆ ಹೋಗೇತ್ರೀ. ತಿದ್ದಾಕ ಅದೇನು ಸಾಲಿ ಹುಡುಗ್ರ ಪಾಟೀನ?” ಭುವನೇಶ್ವರಿ ಬಿಳಿ ಹಾಳೆ ಮುಂದಿಟ್ಟಳು. “ಬೇಕಾದ್ರ ಹೊಸಾ ಹೇಳಿಕಿ ಬರ್ಕೊಡ್ರಿ. ನೌಕರ ಅಲ್ಲದವನ ಕೈಯಾಗ ಹನ್ನೊಂದು ವರ್ಷ ಸರ್ಕಾರದ ಗೇಟಿನ ಕೀಲಿ ಕೊಟ್ಟಿದ್ವಿ ಅಂತ.”

ಬಸವಲಿಂಗ ಹಾಳೆಯನ್ನೂ ಅಂಬಪ್ಪನನ್ನೂ ನೋಡಿದ. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಗೆ ಹೋಗಿ ಮತ್ತೆ ಫೋನ್ ಹಚ್ಚಿದ.

ಇಷ್ಟು ಸಣ್ಣ ಮಾಲಿಗೆ ದಸ್ತಗಿರಿಯೇ ಬೇಕಿರಲಿಲ್ಲ, ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದಿತ್ತು. ಅವಳು ನೋಟಿಸ್ ಬರೆಸಿದಳು ಕೂಡ. ಅಂಬಪ್ಪ ಅದಕ್ಕೆ ಸಹಿ ಮಾಡಲೊಲ್ಲೆ ಎಂದ, ಕರೆದರೂ ಬರುವುದಿಲ್ಲ ಎಂದ; ಮನೆಗೆ ಹೋದರೆ ಕೇಸು ಅಲ್ಲೇ ತಣ್ಣಗಾಗುತ್ತದೆಂಬುದು ಅವನ ಹೆದರಿಕೆ. ನಾಲ್ಕು ಹತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ದಸ್ತಗಿರಿ ಮೆಮೋದಲ್ಲಿ ವೃತ್ತಿಯ ಜಾಗಕ್ಕೆ ಬಂದಾಗ ಇಶ್ತಿಯಾಕ್ ತಲೆಯೆತ್ತಿದ. ಫಿರ್ಯಾದಿ ಕೊಟ್ಟದ್ದನ್ನೇ ಬರಿ ಎಂದಳು ಭುವನೇಶ್ವರಿ. ಅವನು ದುಂಡಗೆ ಬರೆದ: ಕಾಲುವೆ ಇಲಾಖೆಯ ನೌಕರ.

ಗಂಡನ ಹಿಂದೆಯೇ ಠಾಣೆಗೆ ಬಂದಿದ್ದ ಗದ್ದೆಮ್ಮ ಸಾಕ್ಷಿಯಾಗಿ ಸಹಿ ಮಾಡಿದಳು. ಮೆಮೋದ ಒಂದು ಪ್ರತಿ ಮನೆಯವರಿಗೆ ಕೊಡಬೇಕೆಂಬುದು ಕಾನೂನು. ಅವಳು ಅದನ್ನು ರವಿಕೆಯೊಳಗೆ ಇಟ್ಟುಕೊಳ್ಳಲೆಂದು ನಾಲ್ಕು ಮಡಿಕೆ ಮಾಡಹೋದಾಗ, ಕೋರ್ಟಿಗೆ ಹೊರಟ ಜೀಪು ಹತ್ತುತ್ತಿದ್ದ ಅಂಬಪ್ಪ ನಿಂತು ತಿರುಗಿದ.

“ಮಡಚಬ್ಯಾಡ,” ಎಂದ. “ನೌಕರಿ ಆರ್ಡರ್ ಅದು.”