ಕಾರಿನ ಮೇಲೊಂದು ಸೈಕಲ್ಲು

“ಸೀಟು ಮಡಚಿ, ಎರಡೂ ಚಕ್ರ ಬಿಚ್ಚಿದ್ರೆ ಸೈಕಲ್ಲು ಒಳಗೇ ಹಿಡೀತದಲ್ಲ ಮೇಡಂ. ಮೇಲ್ಯಾಕೆ?”

ಪಾಂಡವಪುರದ ಆ ಕಾರು ಬಿಡಿಭಾಗಗಳ ಅಂಗಡಿಗೆ ಸೋಮವಾರ ತನುಶ್ರೀ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಅಂಗಡಿಯವನ ಹೆಸರು ಧರ್ಮೇಂದ್ರ ಎಂದು ಹೊರಗಿನ ಬೋರ್ಡು ಹೇಳುತ್ತಿತ್ತು. ಮೊಣಕೈವರೆಗೆ ಗ್ರೀಸು, ಕಿವಿಯ ಮೇಲೆ ಪೆನ್ಸಿಲ್ಲು, ಆತುರವೇ ಇಲ್ಲದ ಕಣ್ಣು.

ಅವಳ ಮೈ ಉರಿದುಹೋಯಿತು.

ಮೂರು ವರ್ಷದಿಂದ ಅವಳು ಮಾಡುತ್ತಿದ್ದದ್ದೇ ಅದು. ಚಕ್ರ ಬಿಚ್ಚಿ, ಸೈಕಲ್ಲನ್ನು ಕಾರೊಳಗೆ ಮಲಗಿಸಿ, ಮೇಲೆ ಹಳೇ ಬೆಡ್‌ಶೀಟು ಹೊದೆಸಿ, ಊರಾಚೆ ಶೀಳನೆರೆ ದಾಟಿದ ಮೇಲೆ ಜೋಡಿಸಿ ತುಳಿಯುವುದು. ಹಿಂದೊಮ್ಮೆ ಒಂದು ಸಂಬಂಧ ‘ಹುಡುಗಿ ಚಡ್ಡಿ ಹಾಕ್ಕೊಂಡು ಸೈಕಲ್ ರೇಸಿಗೆ ಹೋಗ್ತಾಳೆ’ ಎಂಬ ಕಾರಣಕ್ಕೆ ಮುರಿದಿತ್ತು. ಅಂದಿನಿಂದ ಅಪ್ಪ ಚಿಕ್ಕಸ್ವಾಮಿಯದು ಒಂದೇ ಮಾತು. ತುಳಿ, ಆದರೆ ಯಾರ ಕಣ್ಣಿಗೂ ಬೀಳಬೇಡ.

ಇಪ್ಪತ್ತೇಳು ವರ್ಷದ ಫಿಸಿಕ್ಸ್ ಲೆಕ್ಚರರ್ ಬೆಡ್‌ಶೀಟಿನ ಕೆಳಗೆ ಎಷ್ಟು ದಿನ ಬದುಕುವುದು?

“ಕದ್ದ ಮಾಲಾ ಅದು, ಒಳಗೆ ಬಚ್ಚಿಟ್ಟು ಒಯ್ಯೋಕೆ?” ಎಂದಳು.

ಧರ್ಮೇಂದ್ರ ಅವಳನ್ನೊಮ್ಮೆ ನೋಡಿದ. ನಗಲಿಲ್ಲ. “ಸರಿ, ಮೇಲೇ ಹಾಕಾಣ. ಸೈಕಲ್ ರ‍್ಯಾಕಲ್ಲಿ ಎರಡು ತರ. ಮುಂದಿನ ಚಕ್ರ ಬಿಚ್ಚಿ ಕೂರ್ಸೋದು ಒಂದು. ತಗ್ಗಾಗಿರ್ತದೆ, ಗಾಳಿ ಕಮ್ಮಿ. ಇನ್ನೊಂದ್ರಲ್ಲಿ ಎರಡೂ ಚಕ್ರ ಸಮೇತ ನಿಂತ್ಕತದೆ. ಎತ್ತರ, ಗಾಳಿ ಜಾಸ್ತಿ. ಎಂಬತ್ತರ ಮೇಲೆ ಓಡ್ಸಂಗಿಲ್ಲ.”

“ಚಕ್ರ ಸಮೇತ.”

“ಯೋಚ್ನೆ ಮಾಡಿ ಹೇಳಿ.”

“ಮೂರು ವರ್ಷ ಮಾಡಿದೀನಿ.”

ಈಗ ಅವನು ನಕ್ಕ. ಕಾರಿನ ಚಾವಣಿಯ ಎರಡೂ ಅಂಚಿಗೆ ಉದ್ದಕ್ಕೂ ಇದ್ದ ಕರಿ ಸರಳುಗಳ, ಅವನ ಮಾತಲ್ಲಿ ‘ರೈಲು’ಗಳ, ನಡುವಿನ ಅಂತರ ಅಳೆದ. ಆ ರೈಲುಗಳಿಗೇ ಎರಡು ಅಡ್ಡಪಟ್ಟಿ ಬಿಗಿದು, ಅದರ ಮೇಲೆ ರ‍್ಯಾಕು ಕೂರಿಸುವುದೆಂದು ತೀರ್ಮಾನವಾಯಿತು.

“ಗುರುವಾರ ಬನ್ನಿ.”

‘ಪರವಾಗಿಲ್ಲ, ಈ ಮನುಷ್ಯ ಕಾರಣ ಕೇಳಲಿಲ್ಲ...’ ಅಂದುಕೊಂಡು ಅವಳು ಊರಿಗೆ ಮರಳಿದಳು.

ಕಾರಣ ಕೇಳಿದ್ದು ಅಪ್ಪ. ಭಾನುವಾರದ ರೇಸು ನಾಗಮಂಗಲದಲ್ಲಿ. ಅದರ ಮುಂದಿನ ಭಾನುವಾರ ಹೆಣ್ಣು ನೋಡಲು ಬರಬೇಕಾದವರೂ ನಾಗಮಂಗಲದವರೇ.

“ಅದೇ ಊರ್ಗೆ ಕಾರ್ ತಲೆ ಮ್ಯಾಲೆ ಸೈಕಲ್ ಹೇರ್ಕಂಡು ಹೋದೀಯಾ? ಅವ್ರು ಏನಂದ್ಕಂಡಾರು?”

“ಈಗ್ಲೇ ಅಂದ್ಕೊಳ್ಲಿ ಬಿಡಿ ಅಪ್ಪ. ತಾಳಿ ಕಟ್ಟಿದ್ಮೇಲೆ ಅಂದ್ಕೊಳ್ಳೋದಕ್ಕಿಂತ ವಾಸಿ.”

“ಸಂಬಂಧ ಮುರುದ್ರೆ?”

“ಸೈಕಲ್ ಭಾರಕ್ಕೆ ಮುರಿಯೋ ಸಂಬಂಧ ನಂಗ್ಯಾಕೆ?”

ಅಪ್ಪ ಟವೆಲ್ಲು ಕೊಡವಿ ಎದ್ದು ಹೋದರು.

ಗುರುವಾರ ಸಂಜೆ ಅವಳು ಅಂಗಡಿಯ ಎದುರು ಕಾರು ನಿಲ್ಲಿಸುವಾಗ ಅಪ್ಪನ ಬೈಕು ಅಲ್ಲಿಂದ ಹೊರಟಿತ್ತು. ಅವರು ಅವಳನ್ನು ನೋಡಲಿಲ್ಲ. ಅವಳು ನೋಡಿದಳು.

ಧರ್ಮೇಂದ್ರ ಚಾವಣಿಯ ರೈಲಿನ ಕೆಳಗೆ ಬೆರಳಾಡಿಸಿದ, ಟಾರ್ಚು ಬಿಟ್ಟು ನೋಡಿದ. ಆಮೇಲೆ ಕೈ ಒರೆಸಿಕೊಂಡ.

“ಇದ್ಕೆ ರ‍್ಯಾಕ್ ಹಾಕಲ್ಲ ಮೇಡಂ.”

“ಏನು?”

“ಇದು ಶೋಕಿ ರೈಲು. ನಿಮ್ಗೆ ಕಾರು ಮಾರಿದೋರು ಚೆಂದಕ್ಕೆ ಅಂಟ್ಸಿರೋದು. ಬೋಲ್ಟಿಲ್ಲ, ಬರೀ ಗಮ್ಮು. ಅವತ್ತು ಅಳತೆ ಮಾತ್ರ ತಗಂಡೆ, ಕೆಳಗೆ ನೋಡ್ಲಿಲ್ಲ. ತಪ್ಪು ನನ್ದೂ ಅದೆ. ನಂಗೆ ಒಂದೆರಡು ದಿನ...”

ಅವಳು ಮಾತು ಮುಗಿಸಲು ಬಿಡಲಿಲ್ಲ. “ಸೋಮವಾರ ಗಟ್ಟಿಯಿದ್ದ ರೈಲು ನಮ್ಮಪ್ಪ ಬಂದು ಹೋದ್ಮೇಲೆ ಸಡಿಲ ಆಯ್ತಾ? ಒಂದು ಮಾತಿಗೆ ಇಷ್ಟು ಬೇಗ ಬಗ್ತೀರಾ ನೀವು?”

ಅವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

ಆ ಮೌನವನ್ನು ಅವಳು ಒಪ್ಪಿಗೆ ಎಂದು ಓದಿಕೊಂಡಳು. ದಾರಿಯುದ್ದಕ್ಕೂ ಕಣ್ಣು ತೇವ... ಅಪ್ಪ ಹಾಗೆ ಮಾಡುವುದು ಹೊಸತಲ್ಲ. ಇವನು ಹಾಗಲ್ಲ ಅಂದುಕೊಂಡಿದ್ದು ಯಾಕೆ? ಎರಡು ಸಲ ನೋಡಿದವನ ಮೇಲೆ ಇಷ್ಟು ಸಿಟ್ಟು ಯಾಕೆ?

ಸುಳ್ಳನ್ನು ಸುಳ್ಳೆಂದು ಸಾಬೀತು ಮಾಡದೆ ಅವಳಿಗೆ ನಿದ್ದೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಆಲೆಮನೆಯಲ್ಲಿ ಬೆಲ್ಲ ತೂಗುವ ಸ್ಪ್ರಿಂಗ್ ತಕ್ಕಡಿ ತಂದು ಕೊಕ್ಕೆಯನ್ನು ರೈಲಿಗೆ ಸಿಕ್ಕಿಸಿದಳು. ಸೈಕಲ್ಲು, ರ‍್ಯಾಕು, ಎದುರುಗಾಳಿ ಎಲ್ಲ ಸೇರಿಸಿ ಲೆಕ್ಕ ಹಾಕಿದ್ದಳು. ಮೂವತ್ತು ಕೆಜಿ ಎಳೆತ ತಡೆದರೆ ಸಾಕು.

ಎಳೆದಳು. ಎಂಟು. ಒಂಬತ್ತು. ಹನ್ನೊಂದಕ್ಕೆ ಮುಳ್ಳು ಬರುವಷ್ಟರಲ್ಲಿ ರೈಲು ಪರಪರನೆ ಕಿತ್ತು ಬಂತು. ಕೆಳಗೆ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಗಮ್ಮು.

ಹೆದ್ದಾರಿಯಲ್ಲಿ ಇದು ಕಿತ್ತಿದ್ದರೆ... ಹಿಂದೆ ಯಾರಾದರೂ ಬೈಕಿನಲ್ಲಿ ಬರುತ್ತಿದ್ದರೆ...

ಜಗಲಿಯ ಮೇಲೆ ಅಪ್ಪ ಕಾಫಿ ಲೋಟ ಹಿಡಿದು ನೋಡುತ್ತಿದ್ದರು.

“ಅಪ್ಪ, ಅಂಗಡಿಯವ್ರಿಗೆ ನೀವೇನ್ ಹೇಳಿದ್ರಿ?”

ಅವರು ಮುಖ ಸಿಂಡರಿಸಿದರು. “ಹಾಕ್ಬ್ಯಾಡ ಕಣಪ್ಪ ಅಂದೆ. ‘ಕಾರು ಅವ್ರದು, ಸೈಕಲ್ಲೂ ಅವ್ರದು. ಬ್ಯಾಡ ಅನ್ನಂಗಿದ್ರೆ ಅವ್ರೇ ಅನ್ಲಿ’ ಅಂದ. ಮ್ಯಾಲೆ ಟೀ ಬ್ಯಾರೆ ಕುಡಿಸ್ದ, ಬಡ್ಡಿಮಗ.”

ಶನಿವಾರ ಮಧ್ಯಾಹ್ನ ಕಿತ್ತ ರೈಲನ್ನು ಹಿಡಿದು ಅವಳು ಅಂಗಡಿಯ ಮುಂದೆ ನಿಂತಳು.

“ಹನ್ನೊಂದು ಕೆಜಿಗೆ ಬಂತು,” ಎಂದಳು.

“ಪರವಾಗಿಲ್ವೇ. ನಾನು ಎಂಟು ಅಂದ್ಕಂಡಿದ್ದೆ.”

“ಅಪ್ಪನಿಗೆ ನೀವು ಹೇಳಿದ್ದನ್ನ ನಂಗೆ ಅವತ್ತೇ ಹೇಳ್ಬಹುದಿತ್ತಲ್ಲ?”

“ಮಗಳ ಮುಂದೆ ಅಪ್ಪನ ಮೇಲೆ ಚಾಡಿ ಹೇಳ್ದಂಗಾಗೋದು,” ಎಂದು ಅವನು ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆ ತೆಗೆದ. “ಬಾಗಿಲ ಚೌಕಟ್ಟಿಗೇ ಕಚ್ಚೋ ಕ್ಲಾಂಪು. ರೈಲೇ ಬೇಕಿಲ್ಲ. ಮೈಸೂರಿಂದ ನಿನ್ನೆ ತಂದೆ.”

“ನಾನು ಬೈದು ಹೋದ್ಮೇಲೆ?”

“ಬೈದಿದ್ದು ನನ್ನ. ಕಾರೇನ್ ಮಾಡಿತ್ತು?”

ತನುಶ್ರೀ ಕಿತ್ತ ರೈಲನ್ನು ಮೇಜಿನ ಮೇಲಿಟ್ಟಳು. “ಕ್ಷಮ್ಸಿ...” ಎಂದಳು. ಅವನು ತಲೆಯಾಡಿಸಿ ಸ್ಪ್ಯಾನರು ಅವಳ ಕೈಗಿಟ್ಟ. “ಎಡಗಡೆದು ನೀವು ಬಿಗೀರಿ. ನಾಳೆ ನಾಗಮಂಗಲದ ದಾರೀಲಿ ಏನಾರ ಆದ್ರೆ ನಿಮ್ಗೂ ಗೊತ್ತಿರ್ಬೇಕು.”

ಕಾರಿನ ಎರಡು ಬದಿಯಲ್ಲಿ ಇಬ್ಬರು. ಒಂದು ಸುತ್ತು ಅವನು, ಒಂದು ಸುತ್ತು ಅವಳು, ಎರಡೂ ಕಡೆ ಸಮನಾಗುವವರೆಗೆ. ಕೊನೆಗೆ ಅವಳು ಜೊತೆಗೆ ತಂದಿದ್ದ ತಕ್ಕಡಿ ಸಿಕ್ಕಿಸಿ ಎಳೆದಳು. ನಲವತ್ತಕ್ಕೆ ಇಡೀ ಕಾರು ಅಲುಗಿತು, ಕ್ಲಾಂಪು ಅಲುಗಲಿಲ್ಲ.

“ನನ್ನ ಮಾತಲ್ಲಿ ನಂಬಿಕೆ ಇಲ್ವಾ?” ಎಂದ.

“ಇದೆ. ಆದ್ರೂ ಅಳೀತೀನಿ.”

ಭಾನುವಾರ ಬೆಳಿಗ್ಗೆ ಆರಕ್ಕೆ ಸೈಕಲ್ಲು ಕಾರಿನ ನೆತ್ತಿಯ ಮೇಲೆ ಎರಡೂ ಚಕ್ರ ಸಮೇತ ನಿಂತಿತ್ತು. ಹಿಂದಿನ ಓಣಿಯಿದ್ದರೂ ಅವಳು ಡೈರಿಯ ಮುಂದೆಯೇ ಕಾರು ತಿರುಗಿಸಿದಳು. ಹಾಲು ಹಾಕಲು ನಿಂತಿದ್ದವರ ಸಾಲು ಒಟ್ಟಿಗೆ ಕತ್ತೆತ್ತಿತು.

ಸಾಲಿನಿಂದ ಚಿಕ್ಕಬೋರಮ್ಮಜ್ಜಿ ಕ್ಯಾನು ಹಿಡಿದುಕೊಂಡೇ ಅಡ್ಡ ಬಂದಳು. “ಏನವ್ವಾ ತನು, ಸೈಕಲ್ ಮ್ಯಾಲೆ ನೀನು ಕೂರೋದಾ, ನಿನ್ ಮ್ಯಾಲೆ ಅದು ಕೂರೋದಾ?”

“ದಾರೀಲಿ ಅದು, ರೇಸಲ್ಲಿ ನಾನು ಕಣಜ್ಜಿ. ಸರದಿ ಮ್ಯಾಲೆ.”

ಸಾಲು ನಕ್ಕಿತು. ಅವಳು ಕಾರಿನ ಗಾಜು ಏರಿಸಲಿಲ್ಲ.

ನಾಗಮಂಗಲದಲ್ಲಿ ಹತ್ತೊಂಬತ್ತು ಹೆಂಗಸರಲ್ಲಿ ಅವಳು ಆರನೆಯವಳಾಗಿ ಬಂದಳು. ಇನ್ನೂ ಏದುಸಿರು ಇಳಿದಿರಲಿಲ್ಲ, ಅಪ್ಪನ ಫೋನು.

“ಅವ್ರ ಕಡೆಯೋರು ಯಾರೋ ನಿನ್ನ ನೋಡುದ್ರಂತೆ. ಬರಾಕಿಲ್ಲ ಅಂದ್ರು.”

“ಬೇಜಾರಾಯ್ತಾ ಅಪ್ಪ?”

“ಆಯ್ತು.” ಆಚೆ ಕಡೆ ಟವೆಲ್ಲು ಕೊಡವಿದ ಸದ್ದು. “ಎಷ್ಟನೆಯೋಳಾಗಿ ಬಂದೆ?”

“ಆರು.”

“ಮೊದಲ್ನೆಯೋಳು ಯಾವೂರೋಳು, ಕೇಳ್ಕಂಡು ಬಾ,” ಎಂದು ಫೋನಿಟ್ಟರು.

ಅವಳು ಕಣ್ಣೊರೆಸಿಕೊಂಡು ಕಾರಿನ ಬಳಿ ಬಂದರೆ, ಧರ್ಮೇಂದ್ರ ಬಾಗಿಲ ಪಕ್ಕ ಸ್ಪ್ಯಾನರು ಹಿಡಿದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಗ್ರೀಸಿಲ್ಲ.

“ಕ್ಲಾಂಪು ಹಾಕಿ ಮೊದಲ್ನೇ ಓಟ ಆದ್ಮೇಲೆ ಒಂದ್ಸಲ ಬಿಗಿ ನೋಡ್ಬೇಕು ಮೇಡಂ.”

“ಎಲ್ಲಾ ಗಿರಾಕಿಗೂ ಹಿಂಗೇ ಊರೂರು ತಿರುಗ್ತೀರಾ?”

“ಇಲ್ಲ.”

“ಸಡಿಲ ಆಗಿದ್ಯಾ?”

“ಒಂದೂ ಆಗಿಲ್ಲ. ಆಗಿರಲ್ಲ ಅಂತ ಹೊರಡೋವಾಗ್ಲೇ ಗೊತ್ತಿತ್ತು.”

‘ಮತ್ತೆ ಯಾಕೆ ಬಂದೆ...’ ಎಂದು ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಅವನ ಕಿವಿ ಕೆಂಪಾಗಿತ್ತು.

“ಮುಂದಿನ ಭಾನುವಾರ ನನ್ನ ನೋಡೋಕೆ ಬರ್ತಿದ್ದೋರು ಬರಲ್ವಂತೆ,” ಎಂದಳು. “ಅವ್ರ ಜಾಗ ತುಂಬೋಕೆ ನಿಮ್ಮನ್ನ ಮನೆಗೆ ಕರೀತಿಲ್ಲ. ನಂಗೆ ನೀವಿಷ್ಟ. ಅದಕ್ಕೆ ಕರೀತಿದೀನಿ.”

ಧರ್ಮೇಂದ್ರ ಸ್ಪ್ಯಾನರನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ತಪ್ಪಿದ.

“ನಂಗೂ... ಸೋಮವಾರದಿಂದ್ಲೇ. ನೀವು ಕದ್ದ ಮಾಲಾ ಅಂದ್ರಲ್ಲ, ಆವಾಗಿಂದ.” ಗಂಟಲು ಸರಿಮಾಡಿಕೊಂಡ. “ನಿಮ್ಮಪ್ಪ ಅಟ್ಟಾಡಿಸ್ತಾರೆ.”

“ಅಟ್ಟಾಡಿಸ್ಲಿ. ಬರ್ತೀರೋ ಇಲ್ವೋ?”

“ಬರ್ತೀನಿ, ತನುಶ್ರೀ. ಎಷ್ಟೊತ್ತಿಗೆ ಬರ್ಲಿ?”

“ಹಗಲು ಹೊತ್ತಲ್ಲಿ,” ಎಂದಳು ಅವಳು. “ಮುಂದಿನ ಬಾಗಿಲಿಂದ.”